‘ಸುಮ್ನೆ ತಲೆ ಓಡಿಸೋದು’ ಟೈಮ್ ವೇಸ್ಟಾ? 823 ವರ್ಷದ ಫಾರ್ವರ್ಡ್‌ನಿಂದ ಮುಮ್ಮಡಿಯವರ ಕುದುರೆವರೆಗೆ

“ಈ ತಿಂಗಳು 5 ಶುಕ್ರವಾರ, 5 ಶನಿವಾರ, 5 ಭಾನುವಾರ ಬರುತ್ತವೆ. ಇದು 823 ವರ್ಷಕ್ಕೊಮ್ಮೆ ಮಾತ್ರ. ಕೂಡಲೇ ಹಂಚಿ, ನಾಲ್ಕು ದಿನದಲ್ಲಿ ಹಣ ಬರುತ್ತದೆ.”

ಈ ಮೆಸೇಜು ನಿಮಗೂ ಬಂದಿರುತ್ತದೆ. ವರ್ಷಕ್ಕೆ ಒಂದೆರಡು ಸಲವಾದರೂ ಬರುತ್ತದೆ. 823 ವರ್ಷಕ್ಕೊಮ್ಮೆ ಆಗುವ ಘಟನೆ ವರ್ಷಕ್ಕೆರಡು ಸಲ ಫಾರ್ವರ್ಡ್ ಆಗುವುದೇ ಒಂದು ತಮಾಷೆ.

ನಮ್ಮ ತಂಡದ ಒಬ್ಬರ ಮನೆ ಬೀರೂರಿನಲ್ಲಿದೆ. ಅವರ ಮನೆಯ ಗ್ರೂಪಿಗೂ ಇದು ಬಂತು. ದೊಡ್ಡವರು ಕೈಮುಗಿಯುವ ಇಮೋಜಿ ಹಾಕಿ ಮುಂದಕ್ಕೆ ಕಳಿಸಿದರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತಳು. ಐದು ನಿಮಿಷದಲ್ಲಿ ಗುಟ್ಟು ಸಿಕ್ಕಿತು. 31 ದಿನ ಎಂದರೆ ನಾಲ್ಕು ವಾರ ಮತ್ತು ಮೂರು ದಿನ. ಹಾಗಾಗಿ 31 ದಿನದ ಯಾವುದೇ ತಿಂಗಳಲ್ಲಿ ಮೊದಲ ಮೂರು ವಾರಗಳು (ಅಂದರೆ 1, 2, 3ನೇ ತಾರೀಕಿನ ವಾರಗಳು) ಐದೈದು ಸಲ ಬಂದೇ ಬರುತ್ತವೆ. ಒಂದನೇ ತಾರೀಕು ಶುಕ್ರವಾರವಾದರೆ ಮೆಸೇಜಿನಲ್ಲಿ ಹೇಳಿದಂತೆಯೇ ಆಗುತ್ತದೆ. 2025ರ ಆಗಸ್ಟ್‌ನಲ್ಲಿ ಆಯಿತು. 2026ರ ಮೇ ತಿಂಗಳೂ ಹಾಗೆಯೇ, 2027ರ ಜನವರಿಯೂ ಹಾಗೆಯೇ. ನಡುವಿನ ಅಂತರ 823 ವರ್ಷವಲ್ಲ, ಎಂಟೊಂಬತ್ತು ತಿಂಗಳು.

ಫ್ಯಾಕ್ಟ್ ಚೆಕ್ ಎಂದರೆ ಇಲ್ಲಿಗೆ ಮುಗಿಯಬೇಕು. ಆದರೆ ಹುಡುಗಿ ಮುಗಿಸಲಿಲ್ಲ. “ಹಾಗಾದ್ರೆ ಇಂಥ ತಿಂಗಳು ಒಂದೂ ಬರದೇ ಇರೋ ವರ್ಷ ಇರುತ್ತಾ?” ಎಂದು ಕೇಳಿದಳು. ಉತ್ತರವಾಗಿ ಸಿಕ್ಕಿದ್ದು, “ಅದರಿಂದ ಏನು ಉಪಯೋಗ? ಹೋಗಿ ಓದ್ಕೋ.”

ಈ ಲೇಖನ ಆ ‘ಏನು ಉಪಯೋಗ’ದ ಬಗ್ಗೆ.

ಫಾರ್ವರ್ಡ್‌ಗಳು ಕೊಡುವ ಉತ್ತರ

ಒಗಟು, ಲೆಕ್ಕದ ಚಮತ್ಕಾರ, ಬೆಂಕಿಕಡ್ಡಿ ಆಟಗಳ ಫಾರ್ವರ್ಡ್‌ಗಳನ್ನು ಗಮನಿಸಿ ನೋಡಿ. ಬರೀ ಆಟ ಎಂದು ಯಾರೂ ಕಳಿಸುವುದಿಲ್ಲ. ಪ್ರತಿಯೊಂದಕ್ಕೂ ಒಂದು ಲಾಭದ ಬಾಲ ಅಂಟಿರುತ್ತದೆ. “ನೂರಕ್ಕೆ ಒಬ್ಬರು ಮಾತ್ರ ಬಿಡಿಸಬಲ್ಲರು, ನಿಮ್ಮ ಐಕ್ಯೂ ಎಷ್ಟು?” “ದಿನಕ್ಕೊಂದು ಸುಡೊಕು, ಮರೆವಿನ ಕಾಯಿಲೆ ದೂರ.” “ನಿಮ್ಮ ವಯಸ್ಸಿಗೆ ಹುಟ್ಟಿದ ವರ್ಷ ಕೂಡಿಸಿ, ಎಲ್ಲರಿಗೂ ಒಂದೇ ಉತ್ತರ ಬರುತ್ತದೆ, ಇದು ಸಾವಿರ ವರ್ಷಕ್ಕೊಮ್ಮೆ!” ಕೊನೆಯದಕ್ಕಂತೂ ವಿವರಣೆಯೇ ಬೇಡ. ಹುಟ್ಟಿದ ವರ್ಷಕ್ಕೆ ಅಂದಿನಿಂದ ಕಳೆದ ವರ್ಷಗಳನ್ನು ಕೂಡಿಸಿದರೆ ಈ ವರ್ಷವೇ ಬರಬೇಕು, ಇನ್ನೇನು ಬಂದೀತು? ಪ್ರತಿ ವರ್ಷವೂ ಬರುತ್ತದೆ. ಈ ವರ್ಷದ ಹುಟ್ಟುಹಬ್ಬ ಇನ್ನೂ ಆಗದವರಿಗೆ ಒಂದು ಕಡಿಮೆ ಬರುತ್ತದೆ, ಅಷ್ಟೇ. (ಹುಟ್ಟಿದ ತಾರೀಕು, ಫೋನ್ ನಂಬರಿನ ಅಂಕಿ, ಮೊದಲ ಶಾಲೆಯ ಹೆಸರು ಕೇಳುವ ‘ಮೋಜಿನ’ ಮೆಸೇಜುಗಳಿಗೆ ಗ್ರೂಪಿನಲ್ಲಿ ಉತ್ತರ ಬರೆಯಬೇಡಿ. ನಿಮ್ಮ ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳೂ ಅವೇ.)

ಐಕ್ಯೂ ಮತ್ತು ಮರೆವಿನ ಮಾತು ಸ್ವಲ್ಪ ಗಂಭೀರ, ಯಾಕೆಂದರೆ ಅದರ ಮೇಲೆ ವ್ಯಾಪಾರವೇ ನಿಂತಿದೆ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬ್ರಿಟನ್ನಿನ 11,430 ಜನ ಆರು ವಾರ ಆನ್‌ಲೈನ್‌ನಲ್ಲಿ ‘ಮಿದುಳಿನ ವ್ಯಾಯಾಮ’ದ ಆಟಗಳನ್ನು ಆಡಿದರು. ಆಡಿದ ಆಟದಲ್ಲಿ ಅವರು ಚುರುಕಾದರು. ಆಡದ ಬೇರೆ ಪರೀಕ್ಷೆಗಳಲ್ಲಿ ಆ ಚುರುಕು ಕಾಣಲಿಲ್ಲ. ಅಂದರೆ ಸುಡೊಕು ಆಡಿದರೆ ಸುಡೊಕು ಚೆನ್ನಾಗಿ ಬರುತ್ತದೆ. ಕೀ ಎಲ್ಲಿಟ್ಟಿರಿ ಎನ್ನುವುದು ನೆನಪಾಗುತ್ತದೆ ಎಂದೇನಿಲ್ಲ. 2016ರ ಜನವರಿಯಲ್ಲಿ ‘ಲುಮೋಸಿಟಿ’ ಎಂಬ ಪ್ರಸಿದ್ಧ ಆ್ಯಪ್‌ನ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 20 ಲಕ್ಷ ಡಾಲರ್ ಕೊಡಲು ಒಪ್ಪಿಕೊಂಡಿತು. ಆ್ಯಪ್ ಆಡಿದರೆ ವಯಸ್ಸಿನ ಮರೆವು ತಡೆಯಬಹುದು ಎಂಬಂಥ ಜಾಹೀರಾತಿಗೆ ಸಾಕಷ್ಟು ಆಧಾರವಿಲ್ಲ ಎಂಬುದು ಕಮಿಷನ್‌ನ ಆರೋಪವಾಗಿತ್ತು.

ಪದಬಂಧ ಬಿಡಿಸುವ ಹಿರಿಯರಲ್ಲಿ ಮರೆವು ಕಡಿಮೆ ಎಂದು ಹೇಳುವ ಸಮೀಕ್ಷೆಗಳೂ ಇವೆ. ಆದರೆ ಪದಬಂಧ ಇರುವುದರಿಂದ ಮರೆವು ಕಡಿಮೆಯೋ, ಮರೆವು ಕಡಿಮೆ ಇರುವುದರಿಂದಲೇ ಪದಬಂಧ ಹಿಡಿಯುತ್ತಾರೋ ಎಂದು ಅವುಗಳಿಂದ ಬಿಡಿಸಿ ಹೇಳುವುದು ಕಷ್ಟ. ಮನೆಯಲ್ಲಿ ಹಿರಿಯರ ಮರೆವು ಚಿಂತೆ ತಂದಿದ್ದರೆ ಬಿಪಿ, ಶುಗರ್, ಕಿವಿ ಕೇಳಿಸುವಿಕೆ ಇವುಗಳನ್ನು ವೈದ್ಯರಲ್ಲಿ ತೋರಿಸಿ. 2024ರ ಲ್ಯಾನ್ಸೆಟ್ ಕಮಿಷನ್ ಪಟ್ಟಿ ಮಾಡಿದ, ನಾವು ಬದಲಿಸಬಹುದಾದ 14 ಕಾರಣಗಳಲ್ಲಿ ಈ ಮೂರೂ ಇವೆ. ಪದಬಂಧವನ್ನು ಬಿಡುವುದೇನೂ ಬೇಡ. ಔಷಧಿ ಎಂದು ನುಂಗಬೇಡಿ, ಅಷ್ಟೇ.

ಹಾಗಾದರೆ ಲಾಭದ ಬಾಲ ಕತ್ತರಿಸಿದ ಮೇಲೆ ಒಗಟಿನಲ್ಲಿ ಉಳಿಯುವುದೇನು? ನಮ್ಮ ಪ್ರಕಾರ ಉಳಿಯುವುದೇ ಅದರ ಮುಖ್ಯ ಭಾಗ. ಅದನ್ನು ತೋರಿಸಲು ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

ಅರಮನೆಯ ಕುದುರೆ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಟಿಪ್ಪುವಿನ ನಂತರ, 1799ರಲ್ಲಿ, ಐದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು. ಮುಂದಿನ ಮೂರೂವರೆ ದಶಕ ಅವರು ಸಂಗೀತ, ಸಾಹಿತ್ಯ, ಚಿತ್ರಕಲೆಗಳ ಪೋಷಣೆಯ ಜೊತೆಗೆ ಮಾಡಿದ ಇನ್ನೊಂದು ಕೆಲಸ ಆಟಗಳನ್ನು ಕಟ್ಟುವುದು. ಪಗಡೆಯಂಥ ಹಾಸಿನ ಆಟಗಳು, ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳು, ಮಾಯಾಚೌಕಗಳು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಚಿತ್ರಗ್ರಂಥದ ಒಂಬತ್ತು ನಿಧಿಗಳಲ್ಲಿ ಒಂದರ ಹೆಸರೇ ಕೌತುಕನಿಧಿ. ಅದರಲ್ಲಿ ಆಟಗಳಿಗೆ ಜಾಗ ಇದೆ. ಅವರ ಕಾಲದಲ್ಲೇ, 1861ರಲ್ಲಿ, ಕಟ್ಟಿದ ಜಗನ್ಮೋಹನ ಅರಮನೆಗೆ ಹೋದರೆ ಗೋಡೆಯ ಮೇಲೆ ಬಣ್ಣಬಣ್ಣದ ಆಟದ ಮನೆಗಳನ್ನು ಬರೆಸಿರುವುದನ್ನು ಈಗಲೂ ನೋಡಬಹುದು. ಶಾಲಾ ಪ್ರವಾಸದಲ್ಲಿ ಹೋದವರು ಸಾಮಾನ್ಯವಾಗಿ ಅದನ್ನು ದಾಟಿ ದೀಪ ಹಿಡಿದ ಹೆಂಗಸಿನ ಚಿತ್ರದ ಕಡೆ ಓಡುತ್ತಾರೆ. ನಾವೂ ಓಡಿದವರೇ.

ಮುಮ್ಮಡಿಯವರನ್ನು ಬಹಳ ಕಾಡಿದ್ದು ಚದುರಂಗದ ಕುದುರೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ಪ್ರಶ್ನೆ ಇಷ್ಟೇ: ಇಂಥ ನೆಗೆತಗಳಲ್ಲೇ 64 ಮನೆಗಳನ್ನೂ, ಒಂದನ್ನೂ ಬಿಡದೆ, ಒಂದನ್ನೂ ಎರಡನೇ ಸಲ ಮೆಟ್ಟದೆ ಸುತ್ತಿ ಬರಬಹುದೇ? ಇದು ಅವರಿಗಿಂತ ಬಹಳ ಹಳೆಯ ಪ್ರಶ್ನೆ. ಒಂಬತ್ತನೇ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ ‘ತುರಗಪದ’ ಎಂಬ ಬಂಧವನ್ನು ಹೇಳಿದ್ದಾನೆ. ಅದರಲ್ಲಿ ಶ್ಲೋಕದ ಅಕ್ಷರಗಳನ್ನು ಕುದುರೆಯ ನಡಿಗೆಯಲ್ಲಿ ಓದಿದರೂ ಶ್ಲೋಕವೇ ಬರಬೇಕು. ಯೂರೋಪಿನ ಮಹಾ ಗಣಿತಜ್ಞ ಯೂಲರ್ ಕೂಡ 1759ರಲ್ಲಿ ಇದರ ಮೇಲೆ ಕೆಲಸ ಮಾಡಿದ.

ಮುಮ್ಮಡಿಯವರು ಇದಕ್ಕೆ ಇನ್ನೊಂದು ಕಗ್ಗಂಟು ಹಾಕಿದರು. ಕುದುರೆ ಮೊದಲು ನಿಂತ ಮನೆಗೆ 1, ನೆಗೆದ ಮನೆಗೆ 2, ಹೀಗೆ 64ರವರೆಗೆ ಬರೆಯುತ್ತಾ ಹೋಗಿ. ಕೊನೆಯಲ್ಲಿ ಪ್ರತಿ ಅಡ್ಡಸಾಲಿನ ಮೊತ್ತವೂ ಪ್ರತಿ ಉದ್ದಸಾಲಿನ ಮೊತ್ತವೂ 260 ಆಗಬೇಕು. (1ರಿಂದ 64ರವರೆಗಿನ ಮೊತ್ತ 2,080. ಎಂಟು ಸಾಲಿಗೆ ಹಂಚಿದರೆ 260.) ಅಂದರೆ ಕುದುರೆಯ ನಡಿಗೆಯೇ ಮಾಯಾಚೌಕವೂ ಆಗಬೇಕು. ಕುದುರೆ ನಡಿಗೆ ಒಂದನ್ನು ಕಂಡುಹಿಡಿಯುವುದು ಒಂದು ಸಂಜೆಯ ಕೆಲಸ. ಇಂಥದ್ದನ್ನು ಕಂಡುಹಿಡಿಯುವುದಕ್ಕೆ ಬೇರೆಯೇ ತಾಳ್ಮೆ ಬೇಕು. 8×8ರ ಮಣೆಯಲ್ಲಿ ಹೊರಟ ಮನೆಗೇ ಮರಳುವಂಥ ಸುತ್ತುಗಳ ಸಂಖ್ಯೆ, ದಿಕ್ಕನ್ನು ಲೆಕ್ಕಿಸದಿದ್ದರೂ, 13 ಲಕ್ಷ ಕೋಟಿಗಿಂತ ಹೆಚ್ಚು. ಮರಳದ ನಡಿಗೆಗಳು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಆ ರಾಶಿಯಲ್ಲಿ ಅಡ್ಡಸಾಲು ಉದ್ದಸಾಲು ಎರಡೂ 260 ಬರುವ ಮೂಲ ವಿನ್ಯಾಸಗಳು, ತಿರುಗಿಸಿದ್ದು ಮಗುಚಿದ್ದನ್ನು ಬೇರೆ ಎಂದು ಎಣಿಸದಿದ್ದರೆ, ಕೇವಲ 140.

ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳ ಮೊತ್ತವೂ 260 ಬರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2003ರ ಆಗಸ್ಟ್‌ನಲ್ಲಿ. ಕಂಪ್ಯೂಟರ್‌ಗಳು 61 ದಿನಗಳಷ್ಟು ಲೆಕ್ಕ ಮಾಡಿ ‘ಇಲ್ಲ’ ಎಂದವು.

ಇದರಿಂದ ಯಾರಿಗೆ ಏನು ಉಪಯೋಗ ಆಯಿತು? ಹುಡುಕಿದರೆ ಏನಾದರೂ ಸಿಗಬಹುದು, ಆದರೆ ನಾವು ಹುಡುಕಲು ಹೋಗುವುದಿಲ್ಲ. ‘ಅಂದು ಆಟ ಅಂದುಕೊಂಡಿದ್ದು ಇಂದು ರಾಕೆಟ್ ಹಾರಿಸುತ್ತಿದೆ’ ಎಂಬ ಕಥೆಗಳು ಕೇಳಲು ಚೆಂದ, ಕೆಲವು ನಿಜ ಕೂಡ. ಆದರೆ ಅವು ಹುಡುಗಿಗೆ ಸಿಕ್ಕ ಆ ಉತ್ತರವನ್ನೇ ಇನ್ನೊಂದು ದಾರಿಯಲ್ಲಿ ಹೇಳುತ್ತವೆ: ಮುಂದೆ ಉಪಯೋಗ ಬಂದರೆ ಸರಿ, ಬರದಿದ್ದರೆ ವ್ಯರ್ಥ. ಅಧಿಕಾರ ಕಳೆದುಕೊಂಡ ರಾಜರೊಬ್ಬರು ಪ್ರತಿ ಸಾಲೂ 260 ಆಗುವವರೆಗೆ ಕುದುರೆಯ ಹಿಂದೆ ಓಡಾಡಿದರು. ಆ ಮಣೆಯ ಮೇಲೆ ಯಾವ ಕಮಿಷನರ್‌ಗೂ ಅಧಿಕಾರ ಇರಲಿಲ್ಲ. ಅಲ್ಲಿ ನಿಯಮ ಇತ್ತು, ಸರಿ-ತಪ್ಪು ಇತ್ತು, ಬೆರಗಿತ್ತು. ಅಷ್ಟು ಸಾಲದೇ?

ನೀವೇ ಆಡಿ ನೋಡಿ

64 ಮನೆ ಜಾಸ್ತಿ ಎನಿಸಿದರೆ 5×5ರ ಮಣೆ ಗೀಚಿಕೊಳ್ಳಿ. ಒಂದು ಮೂಲೆಯಿಂದ ಹೊರಟು 25 ಮನೆಯನ್ನೂ ಸುತ್ತಿ. ಸಿಕ್ಕಿಹಾಕಿಕೊಂಡರೆ 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ನನು ಹೇಳಿದ ಉಪಾಯ ಹಿಡಿಯಿರಿ: ಮುಂದಿನ ದಾರಿಗಳು ಅತಿ ಕಡಿಮೆ ಇರುವ ಮನೆಗೆ ಮೊದಲು ಹೋಗಿ. ಮೂಲೆಮುಡುಕಿನ ಮನೆಗಳನ್ನು ಕೊನೆಗೆ ಬಿಟ್ಟರೆ ಅವು ಕೊನೆಗೂ ಸಿಗುವುದಿಲ್ಲ, ಮದುವೆಮನೆಯಲ್ಲಿ ದೂರದ ನೆಂಟರನ್ನು ಮೊದಲು ಮಾತನಾಡಿಸುವ ಹಾಗೆ.

ಈಗ ಮೂಲೆಯ ಬದಲು ಅದರ ಪಕ್ಕದ ಮನೆಯಿಂದ ಹೊರಡಿ. ಎಷ್ಟು ಒದ್ದಾಡಿದರೂ ಆಗುವುದಿಲ್ಲ. ಆಗುವುದಿಲ್ಲ ಎಂದು ಒದ್ದಾಡದೆಯೇ ಹೇಳಬಹುದು. ಮಣೆಗೆ ಚದುರಂಗದ ಹಾಗೆ ಕಪ್ಪು-ಬಿಳಿ ಬಣ್ಣ ಬಳಿಯಿರಿ, ಮೂಲೆಗಳು ಕಪ್ಪಾಗಿರಲಿ. ಆಗ 13 ಕಪ್ಪು, 12 ಬಿಳಿ. ಕುದುರೆ ಪ್ರತಿ ನೆಗೆತದಲ್ಲೂ ಬಣ್ಣ ಬದಲಿಸುತ್ತದೆ. ಬಿಳಿಯಿಂದ ಹೊರಟರೆ ಬಿಳಿ, ಕಪ್ಪು, ಬಿಳಿ, ಕಪ್ಪು ಎನ್ನುತ್ತಾ 25ನೆಯದೂ ಬಿಳಿಯೇ ಆಗಬೇಕು. ಅಂದರೆ 13 ಬಿಳಿ ಬೇಕು. ಇರುವುದು 12. ಮುಗಿಯಿತು. ಕೋಟಿ ಸಲ ಪ್ರಯತ್ನಿಸಿದರೂ ಆಗದು ಎಂಬುದನ್ನು ಎರಡು ಬಣ್ಣ ಹೇಳಿಬಿಟ್ಟವು.

ಇದನ್ನು ಓದಿ ಒಂದು ಕ್ಷಣ ತುಟಿಯಂಚಿನಲ್ಲಿ ನಗು ಬಂದಿದ್ದರೆ, ನಾವು ಮಾತನಾಡುತ್ತಿರುವುದು ಅದರ ಬಗ್ಗೆಯೇ. ಬರದಿದ್ದರೂ ಚಿಂತೆಯಿಲ್ಲ. ಕೆಲವರಿಗೆ ಅದು ರಂಗೋಲಿಯ ಎಳೆಯಲ್ಲಿ ಬರುತ್ತದೆ, ಕೆಲವರಿಗೆ ಅಳಗುಳಿ ಮನೆಯಲ್ಲಿ. ಕೈಯಲ್ಲಿ ಹುಣಸೆಬೀಜ ಹಿಡಿದು ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಬಾಯಲ್ಲಿ ಎಣಿಸದೆಯೇ ಹೇಳುವ ಅಜ್ಜಿಯರನ್ನು ನೀವೂ ನೋಡಿರುತ್ತೀರಿ. ಶಾಲೆಯ ಲೆಕ್ಕದಲ್ಲಿ ಅವರಿಗೆ ಎಷ್ಟು ಅಂಕ ಬಂದಿತ್ತೆಂದು ಯಾರೂ ಕೇಳಿದ್ದಿಲ್ಲ.

ಸಾವಿರ ವರ್ಷದ ಹಿಂದಿನ ಹಾರ

ಮುಮ್ಮಡಿಯವರಿಗೂ ಸಾವಿರ ವರ್ಷ ಹಿಂದೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ಸುಮಾರು ಕ್ರಿ.ಶ. 850. ಬಡ್ಡಿ, ಹೊಲದ ಅಳತೆ, ಭಿನ್ನರಾಶಿ ಎಲ್ಲವೂ ಇರುವ ಪುಸ್ತಕ ಅದು. ಆದರೆ ಗುಣಾಕಾರ ಕಲಿಸುವ ಜಾಗಕ್ಕೆ ಬಂದಾಗ ಈತ ಬೇಕೆಂದೇ ಕೆಲವು ಸಂಖ್ಯೆಗಳನ್ನು ಆರಿಸುತ್ತಾನೆ. ಫೋನಿನ ಕ್ಯಾಲ್ಕುಲೇಟರ್ ತೆರೆಯಿರಿ.

139 × 109 = 15151

142857143 × 7 = 1000000001

27994681 × 441 = 12345654321

ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಹಾವೀರ ಇವನ್ನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಗುಣಾಕಾರ ಕಲಿಸಲು 138ನ್ನೋ 140ನ್ನೋ ತೆಗೆದುಕೊಂಡಿದ್ದರೂ ಆಗುತ್ತಿತ್ತು. 27994681ನ್ನು ಹುಡುಕಿ ತರಲು ಎಷ್ಟು ಹೊತ್ತು ಹಿಡಿಯಿತೋ! ಲೆಕ್ಕ ಮುಗಿಸಿದ ವಿದ್ಯಾರ್ಥಿ ಉತ್ತರ ನೋಡಿ ಬೆರಗಾಗಲಿ ಎಂಬುದರ ಹೊರತು ಬೇರೆ ಕಾರಣ ನಮಗೆ ಕಾಣುವುದಿಲ್ಲ.

ಕೊನೆಯ ಹಾರ, 12345654321, ಮತ್ತೊಬ್ಬನ ಕೈಗೂ ಸಿಕ್ಕಿತು. ಅದು 111111ರ ವರ್ಗ. ಮಹಾರಾಷ್ಟ್ರದ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್ ಈ ಜಾತಿಯ ಸಂಖ್ಯೆಗಳಿಗೆ ಡೆಮ್ಲೊ ಸಂಖ್ಯೆಗಳು ಎಂದು ಹೆಸರಿಟ್ಟರು. ಡೆಮ್ಲೊ ಯಾವ ಗಣಿತಜ್ಞನ ಹೆಸರೂ ಅಲ್ಲ. ಅದು ಮುಂಬೈ ಹತ್ತಿರದ ಒಂದು ರೈಲ್ವೆ ಸ್ಟೇಷನ್, ಇವತ್ತಿನ ಡೊಂಬಿವಲಿ. ಅಲ್ಲಿ ರೈಲು ಬದಲಿಸುವಾಗ ಅವರಿಗೆ ಈ ಯೋಚನೆ ಬಂದಿತ್ತು. ಕಾಪ್ರೇಕರ್ ಅವರ 6174 ಇನ್ನೂ ಪ್ರಸಿದ್ಧ. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿ ತೆಗೆದುಕೊಳ್ಳಿ, ಉದಾಹರಣೆಗೆ 1856. ಇಳಿಕೆ ಕ್ರಮದಿಂದ ಏರಿಕೆ ಕ್ರಮವನ್ನು ಕಳೆಯಿರಿ: 8651 − 1568 = 7083. ಮತ್ತೆ ಹಾಗೆಯೇ ಮಾಡಿ: 8730 − 0378 = 8352. ಮತ್ತೆ: 8532 − 2358 = 6174. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ. ಇದೂ ಫಾರ್ವರ್ಡ್ ಆಗಿ ಬರುತ್ತದೆ, ‘ದೈವೀ ಸಂಖ್ಯೆ’ ಎಂಬ ಬಾಲದೊಂದಿಗೆ. ಬಾಲ ಸುಳ್ಳು, ಲೆಕ್ಕ ನಿಜ. ಅಂಥವನ್ನು ಬಾಲ ಕತ್ತರಿಸಿ ಕಳಿಸಿ.

ಬೀರೂರು ಜಂಕ್ಷನ್ನಿನ ಬೆಂಚು

ರೈಲು ಕಾಯುವುದಕ್ಕೂ ಇಂಥ ಯೋಚನೆಗೂ ಏನೋ ನಂಟಿದೆ. ಬೀರೂರಿನವರಿಗೆ ಇದನ್ನು ಹೇಳಬೇಕಿಲ್ಲ. ಬೆಂಗಳೂರು ಕಡೆಯಿಂದ ಕಡೂರು ದಾಟಿ ಬಂದ ಹಳಿ ಇಲ್ಲಿಂದ ಮುಂದೆ ಎರಡಾಗಿ ಸೀಳುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ತರೀಕೆರೆ, ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೆ. ಬೆಂಚಿನ ಮೇಲೆ ಕೂತು ಒಂದು ಪ್ರಶ್ನೆ ಹಾಕಿಕೊಳ್ಳಿ. ಅಜ್ಜಂಪುರ ಕಡೆಯಿಂದ ಬಂದ ಗಾಡಿ ತರೀಕೆರೆ ಕಡೆ ಹೋಗಬೇಕಾದರೆ? ಎರಡೂ ಹಳಿ ಒಂದೇ ಬದಿಯಲ್ಲಿವೆ. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಮುಂದಕ್ಕೆ ಮುಖ ಮಾಡಿ ಕೂತಿದ್ದವರು ಹಿಂದಕ್ಕೆ ಮುಖ ಮಾಡಿ ಹೊರಡುತ್ತಾರೆ, ಮೊದಲ ಬೋಗಿ ಕೊನೆಯದಾಗುತ್ತದೆ.

ಇದನ್ನೇ ಸ್ವಲ್ಪ ಎಳೆಯೋಣ. ಒಂದು ಕಾಲ್ಪನಿಕ ಯಾರ್ಡ್. ಎಡದಿಂದ 1, 2, 3 ಎಂಬ ಮೂರು ಬೋಗಿಗಳು ಅದೇ ಕ್ರಮದಲ್ಲಿ ಒಂದೊಂದಾಗಿ ಬರುತ್ತವೆ. ನಡುವೆ ಒಂದು ಕುರುಡು ಹಳಿ, ಒಂದೇ ಬಾಯಿ, ಕೊನೆಗೆ ಹೊಕ್ಕಿದ್ದು ಮೊದಲು ಹೊರಬರಬೇಕು. ಬಂದ ಬೋಗಿಯನ್ನು ಅದರೊಳಗೆ ತಳ್ಳಬಹುದು, ಬೇಕಾದಾಗ ಒಂದೊಂದನ್ನೇ ಎಳೆದು ಬಲಕ್ಕೆ ಕಳಿಸಬಹುದು. ಒಮ್ಮೆ ಬಲಕ್ಕೆ ಹೋದದ್ದು ವಾಪಸ್ ಬರುವಂತಿಲ್ಲ. ಮೂರು ಬೋಗಿಗಳನ್ನು ಒಟ್ಟು 6 ಕ್ರಮದಲ್ಲಿ ಜೋಡಿಸಬಹುದಷ್ಟೇ. ಅವುಗಳಲ್ಲಿ ಎಷ್ಟು ಕ್ರಮಗಳಲ್ಲಿ ಹೊರಗೆ ಕಳಿಸಬಹುದು? ಮೂರು ಹುಣಸೆಬೀಜ ಇಟ್ಟುಕೊಂಡು ಆಡಿದರೆ ಐದು ಸಿಗುತ್ತವೆ. ಆಗದೇ ಇರುವುದು 3, 1, 2 ಮಾತ್ರ. ಯಾಕೆಂದರೆ 3 ಮೊದಲು ಹೊರಡಬೇಕಾದರೆ 1 ಮತ್ತು 2 ಆಗಲೇ ಕುರುಡು ಹಳಿಯಲ್ಲಿರಬೇಕು, ಬಾಯಲ್ಲಿ 2, ಅದರ ಹಿಂದೆ 1. 2 ಹೊರಬಾರದೆ 1 ಬರಲಾರದು.

ನಾಲ್ಕು ಬೋಗಿಯಾದರೆ 24 ಕ್ರಮಗಳಲ್ಲಿ 14 ಆಗುತ್ತವೆ, ಹತ್ತು ಆಗುವುದಿಲ್ಲ. ಆ ಹತ್ತು ಯಾವುವು? ಇದು ನಿಮಗೆ. (ಕಂಪ್ಯೂಟರ್ ಓದಿದವರು ‘ಅಯ್ಯೋ, ಇದು ಸ್ಟ್ಯಾಕ್ ಅಲ್ಲವಾ’ ಎನ್ನುತ್ತಾರೆ. ಹೌದು. ಡೊನಾಲ್ಡ್ ಕ್ನೂತ್ 1968ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಅದನ್ನು ವಿವರಿಸಿದ್ದು ರೈಲು ಹಳಿಯ ಉದಾಹರಣೆಯಿಂದಲೇ.)

ರೈಲು ಬಂದೇಬಿಟ್ಟರೆ ಬೋಗಿಯ ಬದಿಯ ಸಂಖ್ಯೆ ನೋಡಿ. ಸಾಮಾನ್ಯವಾಗಿ ಮೊದಲ ಎರಡು ಅಂಕಿ ಆ ಬೋಗಿ ತಯಾರಾದ ವರ್ಷ. ನೀವು ಹತ್ತಿದ್ದು ನಿಮಗಿಂತ ದೊಡ್ಡದೋ ಚಿಕ್ಕದೋ ಗೊತ್ತಾಗುತ್ತದೆ.

ಬೀರೂರಿಗೆ ಇನ್ನೊಂದು ಅಭ್ಯಾಸವೂ ಇದೆ. ದಸರಾ ಸಮಯದಲ್ಲಿ ಇಲ್ಲಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಒಗಟಿನಂಥ ಒಂದು ಪುಟ್ಟ ನುಡಿ, ಮರುದಿನದ ಪತ್ರಿಕೆಗಳಲ್ಲಿ ಬರುತ್ತದೆ. ಅದರ ನಂಬಿಕೆಯ ಭಾಗ ಭಕ್ತರಿಗೆ ಸೇರಿದ್ದು, ನಾವು ಅಲ್ಲಿ ಕೈ ಹಾಕುವುದಿಲ್ಲ. ನಾವು ನೋಡುವುದು ಆಮೇಲೆ ಟೀ ಅಂಗಡಿಯಲ್ಲಿ ಆಗುವುದನ್ನು. ಒಬ್ಬರು ಅದು ಮಳೆ ಎನ್ನುತ್ತಾರೆ, ಇನ್ನೊಬ್ಬರು ಅಡಿಕೆ ರೇಟು, ಮತ್ತೊಬ್ಬರು ರಾಜಕೀಯ. ಒಂದೇ ಮಾತನ್ನು ಹತ್ತು ಕಡೆಯಿಂದ ತಿರುಗಿಸಿ ನೋಡುವ ಆ ಅರ್ಧಗಂಟೆ ಒಳ್ಳೆಯ ಆಟ. ಆರು ತಿಂಗಳ ಬಳಿಕ ಏನಾದರೂ ನಡೆದಾಗ ‘ನೋಡಿ, ಅಂದೇ ಹೇಳಿತ್ತು’ ಎಂಬ ಫಾರ್ವರ್ಡ್ ಬರುತ್ತದಲ್ಲ, ಅದರಲ್ಲಿ ಮಾತ್ರ ಆಟ ಇಲ್ಲ. ಹತ್ತು ಅರ್ಥಗಳಲ್ಲಿ ಒಂಬತ್ತನ್ನು ಸದ್ದಿಲ್ಲದೆ ಎಸೆದು ಒಂದನ್ನು ಮುಂದಿಡುತ್ತದೆ. ನಡೆದ ಮೇಲೆ ಹೊಂದಿಸುವುದು ಯಾವತ್ತೂ ಸುಲಭ.

ಬಹುಮಾನ ಕೊಟ್ಟರೆ ಏನಾಗುತ್ತದೆ?

‘ಆಯಿತು, ಮಕ್ಕಳು ಆಡಲಿ, ಆದರೆ ಸ್ವಲ್ಪ ಪ್ರೋತ್ಸಾಹ ಬೇಡವೇ? ಒಗಟು ಬಿಡಿಸಿದರೆ ಚಾಕೊಲೇಟು?’ ಈ ಪ್ರಶ್ನೆಗೆ 1973ರ ಒಂದು ಪ್ರಯೋಗ ಇದೆ. ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಮೊದಲಿಂದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವು ಮಕ್ಕಳಿಗೆ ‘ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಮೊದಲೇ ಹೇಳದೆ ಬರೆದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದ ಮೇಲೆ ಪೆನ್ನುಗಳನ್ನು ಮತ್ತೆ ಸುಮ್ಮನೆ ಮೇಜಿನ ಮೇಲಿಟ್ಟು, ಯಾರು ಎಷ್ಟು ಹೊತ್ತು ಬರೆಯುತ್ತಾರೆ ಎಂದು ನೋಡಿದರು. ಬಹುಮಾನಕ್ಕಾಗಿ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬರೆದರು.

ಇದನ್ನು ಎಲ್ಲ ಬಹುಮಾನವೂ ಕೆಟ್ಟದ್ದು ಎಂದು ಓದಬೇಡಿ. ಅನಿರೀಕ್ಷಿತವಾಗಿ ಬಂದ ಸರ್ಟಿಫಿಕೇಟು ಆ ಮಕ್ಕಳ ಆಸಕ್ತಿ ಕುಗ್ಗಿಸಲಿಲ್ಲ. ಮೊದಲಿಂದಲೂ ಆಸಕ್ತಿ ಇಲ್ಲದ ಕೆಲಸಕ್ಕೆ ಬಹುಮಾನ ನೆರವಾಗಲೂಬಹುದು. ಬಹುಮಾನದ ಪರಿಣಾಮ ಎಷ್ಟು, ಯಾವಾಗ ಎಂಬ ಬಗ್ಗೆ ಮನೋವಿಜ್ಞಾನಿಗಳು ದಶಕಗಳ ಕಾಲ ಜಗಳವಾಡಿದ್ದಾರೆ. ಆದರೆ ತಾನಾಗಿಯೇ ಆಡುತ್ತಿರುವ ಮಗುವಿನ ಆಟಕ್ಕೆ ಮೊದಲೇ ಬೆಲೆಚೀಟಿ ಅಂಟಿಸಿದರೆ ಆಟ ಕೆಲಸವಾಗುವ ಅಪಾಯ ಇದೆ ಎಂಬಷ್ಟನ್ನು ನಾವು ಧೈರ್ಯವಾಗಿ ಹೇಳಬಹುದು. ‘ಐಕ್ಯೂ ಹೆಚ್ಚುತ್ತದೆ’ ಎಂಬ ಫಾರ್ವರ್ಡಿನ ಬಾಲವೂ ಇಂಥದ್ದೇ ಬೆಲೆಚೀಟಿ ಎಂದು ನಮಗೆ ಅನ್ನಿಸುತ್ತದೆ. ಬೇಸಿಗೆ ಶಿಬಿರದ ‘ಬ್ರೈನ್ ಡೆವಲಪ್‌ಮೆಂಟ್’ ಬೋರ್ಡುಗಳ ಬಗ್ಗೆ ಬೇರೆಯೇ ಬರೆಯಬೇಕು.

ಹುಡುಗಿಯ ಪ್ರಶ್ನೆಗೆ

31 ದಿನದ ತಿಂಗಳುಗಳು ಏಳು: ಜನವರಿ, ಮಾರ್ಚ್, ಮೇ, ಜುಲೈ, ಆಗಸ್ಟ್, ಅಕ್ಟೋಬರ್, ಡಿಸೆಂಬರ್. ವಾರಗಳೂ ಏಳು. ಒಂದೊಂದು ತಿಂಗಳು ಒಂದೊಂದು ವಾರದಂದು ಶುರುವಾದರೆ ಪ್ರತಿ ವರ್ಷವೂ ಇಂಥ ತಿಂಗಳು ಸಿಗಲೇಬೇಕಿತ್ತು. ಆದರೆ ಸಾಧಾರಣ ವರ್ಷದಲ್ಲಿ ಜನವರಿ ಮತ್ತು ಅಕ್ಟೋಬರ್ ಒಂದೇ ವಾರದಂದು ಶುರುವಾಗುತ್ತವೆ, ಅಧಿಕ ವರ್ಷದಲ್ಲಿ ಜನವರಿ ಮತ್ತು ಜುಲೈ. ಇಬ್ಬರು ಒಂದೇ ಕುರ್ಚಿಯಲ್ಲಿ ಕೂತರೆ ಒಂದು ಕುರ್ಚಿ ಖಾಲಿ ಉಳಿಯುತ್ತದೆ. ಆ ಖಾಲಿ ಕುರ್ಚಿ ಶುಕ್ರವಾರದ್ದಾದ ವರ್ಷ ಇಂಥ ತಿಂಗಳು ಒಂದೂ ಇರುವುದಿಲ್ಲ.

2018 ಅಂಥ ವರ್ಷ. ಆ ವರ್ಷ ಶುಕ್ರವಾರದಂದು ಶುರುವಾದದ್ದು ಜೂನ್ ಒಂದೇ, ಅದಕ್ಕೆ ಇರುವುದು 30 ದಿನ. ಇದನ್ನು ಆಕೆಗೆ ಹೇಳಿದೆವು. ಮುಂದಿನದು ಯಾವುದು ಎಂದು ಹೇಳಿಲ್ಲ, 2030ರ ಒಳಗೇ ಇದೆ ಎಂದಷ್ಟೇ ಹೇಳಿದ್ದೇವೆ. ಕ್ಯಾಲೆಂಡರ್ ಇನ್ನೂ ಅವಳ ಹತ್ತಿರವೇ ಇದೆ.